ಕೆಂಚನೂ ಕಾನೂನೂ

2024ನೆಯ ಇಸವಿಯ ಆಷಾಢ ಮಾಸದಲ್ಲಿ ಒಂದು ಬೆಳಿಗ್ಗೆ ನಾನು ಕೆಂಚನೊಡನೆ ತಿರುಗಾಡಿಕೊಂಡು ಬಂದು ಲಿಫ್ಟಿಗಾಗಿ ಕಾಯುತ್ತಿದ್ದಾಗ, ಪಕ್ಕದ ಸೂಚನಾಫಲಕದ ಮೇಲೆ ಹೊಸದೊಂದು ಕಾಗದವು ನನ್ನ ಕಣ್ಣಿಗೆ ಬಿದ್ದಿತು. ನಮ್ಮ ಕಟ್ಟಡದ ನಿವಾಸಿಗಳ ಸಂಘದವರು ಸರ್ವಸದಸ್ಯರ ಸಭೆಯಲ್ಲಿ ಬಹುಮತದಿಂದ ನಿರ್ಣಯಿಸಿದ್ದೇನೆಂದರೆ: ಕಟ್ಟಡದೊಳಗೆ ನಾಯಿ, ಬೆಕ್ಕು ಮೊದಲಾದ ಪ್ರಾಣಿಗಳನ್ನು ಸಾಕಕೂಡದು, ಈಗಾಗಲೇ ಸಾಕಿರುವವರು ಮೂವತ್ತು ದಿನಗಳೊಳಗಾಗಿ ಅವುಗಳನ್ನು ಬೇರೆಡೆಗೆ ಸಾಗಿಸತಕ್ಕದ್ದು, ತಪ್ಪಿದಲ್ಲಿ ದಂಡ, ಅಲ್ಲಿಯ ಪರ್ಯಂತ ಪ್ರಾಣಿಗಳನ್ನು ಲಿಫ್ಟಿನಲ್ಲಿ ಒಯ್ಯಕೂಡದು. ನಾನು ಇದನ್ನು ಮೂರು ಸಲ ಓದಿದೆನು. ಅಕ್ಷರಜ್ಞಾನವಿಲ್ಲದ ಕೆಂಚನು ಫಲಕದ ಬುಡದಲ್ಲಿ ಕುಳಿತು ನಿಶ್ಚಿಂತೆಯಿಂದ ಕಿವಿಯನ್ನು ಕೆರೆದುಕೊಂಡನು. ನಾಯಿಗೆ ಪುಲ್ಲಿಂಗವನ್ನು ಪ್ರಯೋಗಿಸಿದ್ದಕ್ಕಾಗಿ ವ್ಯಾಕರಣಜ್ಞರು ನನ್ನನ್ನು ಕ್ಷಮಿಸಬೇಕು; ಹದಿಮೂರು ವರ್ಷ ಒಂದೇ ಮನೆಯಲ್ಲಿ ಉಂಡು ಬೆಳೆದವನನ್ನು 'ಅದು' ಎನ್ನಲು ನನಗೆ ನಾಲಗೆ ಬರುವುದಿಲ್ಲ.

ಆ ಸಭೆಗೆ ನಾನು ಹೋಗಿರಲಿಲ್ಲ. ಭಾನುವಾರದ ಮಧ್ಯಾಹ್ನ ಊಟವಾದಮೇಲೆ ಕರೆಯುವ ಸಭೆಗಳಿಗೆ ನನ್ನಂತಹ ವಯಸ್ಸಿನವರು ಹೋಗುವುದು ಅಪರೂಪ. ಆದರೆ ಸಭೆಯನ್ನು ಏತಕ್ಕಾಗಿ ಕರೆದರೆಂಬುದು ನನಗೆ ಊಹೆಯಿಂದಲೇ ತಿಳಿಯಿತು. ಅದಕ್ಕೆ ಹತ್ತು ದಿನಗಳ ಮುಂಚೆ ನಾವು ನಾಲ್ಕನೆಯ ಅಂತಸ್ತಿನಿಂದ ಇಳಿಯುತ್ತಿದ್ದಾಗ ಲಿಫ್ಟು ಮೂರನೆಯ ಅಂತಸ್ತಿನಲ್ಲಿ ನಿಂತು, ಅಲ್ಲಿ ಕಾಯುತ್ತಿದ್ದ ಒಬ್ಬ ವೃದ್ಧ ಮಾತೆಯು ಬಾಗಿಲನ್ನೆಳೆದ ಕೂಡಲೇ ಕೆಂಚನು ಆಕೆಯ ಸೀರೆಯ ನೆರಿಗೆಯನ್ನು ಮೂಸಿನೋಡಿದ್ದನು. ಆಕೆ ಚೀರಿದ ಚೀರಾಟಕ್ಕೆ ಎರಡು ಅಂತಸ್ತುಗಳ ಬಾಗಿಲುಗಳು ತೆರೆದವು. ಆ ಹೊತ್ತು ಕೆಂಚನ ಕೊರಳಿನ ಹಗ್ಗವು ಎಲ್ಲಿತ್ತೆಂದು ಕೇಳಿದರೆ, ನನ್ನ ಜೇಬಿನಲ್ಲಿತ್ತು. ಮುದಿನಾಯಿಗೆ ಹಗ್ಗವೇಕೆಂಬುದು ಆಗ ನನ್ನ ಅಭಿಪ್ರಾಯವಾಗಿತ್ತು.

ಕೆಂಚನು ಜಾತಿನಾಯಿಯಲ್ಲ. 2011ನೆಯ ಇಸವಿಯ ಒಂದು ಮಳೆಯ ರಾತ್ರಿ ತರಕಾರಿಯ ತಳ್ಳುಗಾಡಿಯ ಕೆಳಗೆ ನಡುಗುತ್ತಿದ್ದ ಮರಿಯನ್ನು ನನ್ನ ಪತ್ನಿಯು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಆಗ ನಾವಿದ್ದದ್ದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ಮನೆಯಲ್ಲಿ. ಹಿಂದೆ ಹಿತ್ತಲು, ಮುಂದೆ ಜಗಲಿ, ಹಿತ್ತಲಿನಲ್ಲಿ ಸೀಬೆಯ ಮರ. ಮಕ್ಕಳು ದೂರವಾದ ಮೇಲೆ ಅದನ್ನು ಮಾರಿ ಈ ಕಟ್ಟಡಕ್ಕೆ ಬಂದೆವು. 2022ರಲ್ಲಿ ಆಕೆಯೂ ಹೊರಟುಹೋದಳು. ಉಳಿದವರು ನಾನು ಮತ್ತು ಕೆಂಚ. ಮೂವತ್ತು ದಿನಗಳೊಳಗಾಗಿ ಅವನನ್ನು ಯಾವ 'ಬೇರೆಡೆಗೆ' ಸಾಗಿಸಬೇಕಾಗಿತ್ತೋ ನನಗೆ ತಿಳಿಯಲಿಲ್ಲ.

ಪಟ್ಟಣದಲ್ಲಿ ಪ್ರಾಣಿಗಳನ್ನು ಸಾಕುವುದಕ್ಕೆ ಕಟ್ಟುಪಾಡುಗಳಿರುವುದು ಹೊಸ ವಿಷಯವೇನೂ ಅಲ್ಲ. ನಾನು ಬೆಳೆದ ಊರಿನಲ್ಲಿ ಪುರಸಭೆಯವರ ಬಂದಿದೊಡ್ಡಿಯೊಂದಿತ್ತು. ಅನ್ಯರ ಬೆಳೆಗೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಹೊಡೆಯುವುದು, ದನದ ಒಡೆಯನು ದಂಡವನ್ನೂ ಮೇವಿನ ವೆಚ್ಚವನ್ನೂ ತೆತ್ತು ಬಿಡಿಸಿಕೊಳ್ಳುವುದು, ಯಾರೂ ಬಾರದಿದ್ದರೆ ಹರಾಜು ಹಾಕುವುದು — ಇದು ಬ್ರಿಟಿಷರ ಕಾಲದ 1871ನೆಯ ಕಾಯಿದೆಯಿಂದ ನಡೆದುಬಂದ ಪದ್ಧತಿ. ನಮ್ಮ ಮನೆಯ ಕಪಿಲೆಯೆಂಬ ಹಸುವು ಒಮ್ಮೆ ತನ್ನ ಕರುವನ್ನೂ ಕರೆದುಕೊಂಡು ನೆರೆಮನೆಯ ಹಿತ್ತಲಿಗೆ ನುಗ್ಗಿ, ಅವರು ಮಗಳ ಮದುವೆಗೆಂದು ಬೆಳೆಸಿದ್ದ ಸೊಪ್ಪು ತರಕಾರಿಗಳನ್ನು ಒಂದು ರಾತ್ರಿಯಲ್ಲಿ ಮುಗಿಸಿತು. ಬೆಳಗಾಗುವುದರೊಳಗೆ ತಾಯಿಯೂ ಮಗುವೂ ದೊಡ್ಡಿಯಲ್ಲಿದ್ದವು. ತಂದೆಯವರು ದಂಡ ಕಟ್ಟಿ ಬಿಡಿಸಿ ತಂದರು. ಆಮೇಲೆ ಮದುವೆಯು ಮುಗಿಯುವವರೆಗೂ ಪ್ರತಿದಿನ ಬೆಳಿಗ್ಗೆ ಒಂದು ಚೊಂಬು ಹಾಲನ್ನು ಆ ಮನೆಗೆ ನನ್ನ ಕೈಯಲ್ಲಿ ಕಳುಹಿಸಿದರು. 'ದಂಡ ಕಟ್ಟಿ ಆಯಿತಲ್ಲ, ಇನ್ನು ಹಾಲೇಕೆ?' ಎಂದು ನಾನು ಕೇಳಿದ್ದಕ್ಕೆ ಅವರು, 'ದಂಡ ಹೋದದ್ದು ಪುರಸಭೆಗೆ. ಸೊಪ್ಪು ಹೋದದ್ದು ಅವರದು' ಎಂದರು. ಅಂದಿನಿಂದ ಕರುವಿನ ಕೊರಳಿಗೆ ಹಿತ್ತಾಳೆಯ ಒಂದು ಸಣ್ಣ ಗಂಟೆಯನ್ನೂ ಕಟ್ಟಿದರು.

ಆ ಕಾಲದಲ್ಲಿ ನಾಯಿಗಳಿಗೆ ಪುರಸಭೆಯ ಬಿಲ್ಲೆಯಿರುತ್ತಿತ್ತು. ಕೊರಳಲ್ಲಿ ಬಿಲ್ಲೆಯಿದ್ದ ನಾಯಿ ಬದುಕುತ್ತಿತ್ತು; ಇಲ್ಲದ ನಾಯಿಯನ್ನು ಹಿಡಿದೊಯ್ಯುತ್ತಿದ್ದರು, ಅದು ಮರಳಿ ಬರುತ್ತಿರಲಿಲ್ಲ. ಇನ್ನು ಗಿಳಿಗಳ ಮಾತು. ನಮ್ಮ ಅಜ್ಜಿಯ ತಂಗಿಯ ಮನೆಯಲ್ಲಿ ಪಂಜರದ ಗಿಳಿಯೊಂದು ಬಂದವರನ್ನೆಲ್ಲ 'ಕಾಲು ತೊಳೆದಿರಾ?' ಎಂದು ವಿಚಾರಿಸುತ್ತಿತ್ತು. 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಟ್ಟು ಸಾಕುವುದೂ ಅಪರಾಧ. ಇಂದಿಗೂ ಎಷ್ಟೋ ಸದ್ಗೃಹಸ್ಥರು ಇದನ್ನರಿಯದೆ ಜಗಲಿಯಲ್ಲಿ ಪಂಜರವನ್ನು ತೂಗುಹಾಕಿರುವುದನ್ನು ಕಂಡಿದ್ದೇನೆ. ನಕ್ಷತ್ರದಾಮೆಯನ್ನು ಸಾಕಿದರೆ ಐಶ್ವರ್ಯ ಬರುವುದೆಂದು ನಂಬಿದವರೂ ಉಂಟು. ಬರುವುದು ಅರಣ್ಯ ಇಲಾಖೆಯವರು.

ವಿಷಯಕ್ಕೆ ಬರುತ್ತೇನೆ. ನಾನು ಮೂವತ್ತನಾಲ್ಕು ವರ್ಷ ನ್ಯಾಯಾಲಯದ ಕಛೇರಿಯಲ್ಲಿ ಗುಮಾಸ್ತೆಯಾಗಿ ಕೆಲಸಮಾಡಿದವನು. ನನಗೆ ಬೇರೆ ಯಾವ ವಿದ್ಯೆಯೂ ಬಾರದಿದ್ದರೂ, ಕಾಯಿದೆಯ ಪುಸ್ತಕವನ್ನು ತೆರೆದು ಬೇಕಾದ ಸಾಲಿನ ಕೆಳಗೆ ಕೆಂಪು ಗೆರೆಯನ್ನೆಳೆಯಲು ಬರುತ್ತದೆ. ಆ ರಾತ್ರಿಯೇ ಕನ್ನಡಕವನ್ನೇರಿಸಿ ಕುಳಿತೆನು. ಕೆಂಚನು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದನು.

ನನಗೆ ದೊರೆತದ್ದು ಇಷ್ಟು. ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ ಕಾಯಿದೆಯು 1960ರಲ್ಲಿ ಆಯಿತು. ಅದರ ಆಧಾರದಿಂದ ಸ್ಥಾಪಿತವಾದ ಭಾರತೀಯ ಪ್ರಾಣಿಕಲ್ಯಾಣ ಮಂಡಳಿಯವರು 2015ರಲ್ಲಿ ನಿವಾಸಿಗಳ ಸಂಘಗಳಿಗೆ ಮಾರ್ಗಸೂಚಿಗಳನ್ನು ಹೊರಡಿಸಿದರು. ಸಂಘವು ತನ್ನ ನಿಯಮಗಳನ್ನು ತಿದ್ದಿಕೊಂಡರೂ ಸರಿಯೇ, ಬಹುಮತವನ್ನು ಪಡೆದರೂ ಸರಿಯೇ, ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ನಾಯಿಯ ಗಾತ್ರವನ್ನಾಗಲಿ ಬೊಗಳುವಿಕೆಯನ್ನಾಗಲಿ ನೆಪಮಾಡಿಕೊಂಡು ಹೊರಗಟ್ಟುವಂತಿಲ್ಲ, ಲಿಫ್ಟನ್ನು ನಿರಾಕರಿಸುವಂತಿಲ್ಲ. ಇವುಗಳೆಲ್ಲದರ ಕೆಳಗೆ ನಾನು ಕೆಂಪು ಗೆರೆಯನ್ನೆಳೆದೆನು. ಜೀವಿಗಳಲ್ಲಿ ದಯೆಯಿರಬೇಕೆಂಬುದು ನಮ್ಮ ಸಂವಿಧಾನದಲ್ಲಿಯೇ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲೊಂದಾಗಿ 1976ರಲ್ಲಿ ಸೇರಿತೆಂಬುದನ್ನೂ ಗುರುತುಮಾಡಿಕೊಂಡೆನು. ಅದಕ್ಕೆ ಎರಡು ಗೆರೆ.

ನಗರಪಾಲಿಕೆಯವರ ಮಾತೂ ನೆನಪಾಯಿತು. 2018ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯವರು ಒಂದು ಉಪನಿಯಮವನ್ನು ಹೊರಡಿಸಿ, ಫ್ಲ್ಯಾಟಿಗೊಂದು ನಾಯಿ, ಸ್ವತಂತ್ರ ಮನೆಗೆ ಮೂರು ನಾಯಿ, ಅದಕ್ಕೆ ಪರವಾನಗಿ ಎಂದು ಲೆಕ್ಕ ಹಾಕಿಕೊಟ್ಟರು. ನಾಯಿಗಳನ್ನು ಸಾಕಿದವರು ಎಬ್ಬಿಸಿದ ಗದ್ದಲದಿಂದ ಅದನ್ನು ತಡೆಹಿಡಿಯಬೇಕಾಯಿತು. ನಮ್ಮ ಮನೆಯವಳು ಆಗ ಪತ್ರಿಕೆಯನ್ನೋದುತ್ತ, 'ನಾಯಿಗಳಿಗೆ ಲೆಕ್ಕ ಹಾಕಿದರು, ಸದ್ಯ, ಗಂಡಂದಿರಿಗೆ ಪರವಾನಗಿ ಬೇಡವೆಂದರಲ್ಲ' ಎಂದು ನಕ್ಕಿದ್ದಳು. ಆ ಪಾಲಿಕೆಯೇ ಈಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದರು.

ನಾಲ್ಕು ಪುಟಗಳ ಮನವಿಯೊಂದನ್ನು ಬರೆದು ಸಂಘದ ಕಾರ್ಯದರ್ಶಿಗಳಿಗೆ ಕೊಟ್ಟು ಸ್ವೀಕೃತಿಯ ಸಹಿಯನ್ನೂ ಪಡೆದೆನು. ಅವರು ಇನ್ನೂ ಎಳೆಯ ವಯಸ್ಸಿನವರು, ಒಳ್ಳೆಯವರು. ಹಗಲೆಲ್ಲ ಬೇರೊಂದು ಉದ್ಯೋಗದಲ್ಲಿದ್ದು ರಾತ್ರಿ ನೀರಿನ ಟ್ಯಾಂಕರಿನ ಲೆಕ್ಕ ಬರೆಯುವವರು. ವಾರ ಕಳೆಯುವುದರೊಳಗೆ ಫಲಕದ ಮೇಲಿನ ಕಾಗದವು ಇಳಿಯಿತು. ಅದರ ಜಾಗದಲ್ಲಿ, ಪ್ರಾಣಿಗಳನ್ನು ಹೊರಗೆ ಕರೆದೊಯ್ಯುವಾಗ ಹಗ್ಗ ಕಟ್ಟಬೇಕು, ಹೊಲಸಾದರೆ ಸಾಕಿದವರೇ ತೆಗೆಯಬೇಕು ಎಂಬ ಎರಡು ಸಾಲುಗಳು ಮಾತ್ರ ಬಂದವು. ನಾನು ಗೆದ್ದೆನು. ಆ ದಿನ ಕೆಂಚನಿಗೆ ಮೊಸರನ್ನದಲ್ಲಿ ಮೊಸರು ಹೆಚ್ಚು.

ಮರುದಿನ ಬೆಳಿಗ್ಗೆ ಲಿಫ್ಟು ಕೆಟ್ಟಿತ್ತು. ಕೆಂಚನನ್ನು ಮನೆಯಲ್ಲಿ ಬಿಟ್ಟು ನಾನೊಬ್ಬನೇ ಮೆಟ್ಟಿಲಿಳಿಯುತ್ತಿದ್ದಾಗ ಮೂರನೆಯ ಅಂತಸ್ತಿನ ಆ ತಾಯಿಯು ತಮ್ಮ ಬಾಗಿಲಿನಲ್ಲಿ ನಿಂತಿದ್ದರು. ನಾನು ಗೆದ್ದವರ ಸೌಜನ್ಯದಿಂದ ಕೈ ಮುಗಿದೆನು. ಆಕೆ ಮೊದಲು ನನ್ನ ಹಿಂದೆ ನೋಡಿ, ನಾಯಿಯಿಲ್ಲವೆಂಬುದನ್ನು ಖಚಿತಮಾಡಿಕೊಂಡು ಆಮೇಲೆ ಮಾತನಾಡಿದರು.

'ರಾಯರೇ, ಕಾಗದದಲ್ಲಿ ನೀವು ಬರೆದದ್ದನ್ನು ನನ್ನ ಸೊಸೆ ಓದಿ ಹೇಳಿದಳು. ಕಾನೂನು ನಿಮ್ಮ ಕಡೆಗಿದೆಯಂತೆ, ಇರಲಿ. ಒಂದು ಮಾತು ಕೇಳುತ್ತೇನೆ, ಬೇಸರಪಡಬೇಡಿ. ಅದಕ್ಕೆ ಹುಚ್ಚಿನ ಇಂಜೆಕ್ಷನ್ ಹಾಕಿಸಿದ್ದೀರಾ?'

'ಹಾಕಿಸಿದೆ ತಾಯೀ' ಎಂದೆನು.

'ಎಂದು?'

ನಾನು ನ್ಯಾಯಾಲಯದಲ್ಲಿ ಎಷ್ಟೋ ಸಾಕ್ಷಿಗಳು ಇಂತಹ ಒಂದೇ ಪದದ ಪ್ರಶ್ನೆಗೆ ನೀರು ಕೇಳಿದ್ದನ್ನು ನೋಡಿದ್ದೇನೆ. ಮನೆಗೆ ಹೋಗಿ ನೋಡಿ ಹೇಳುತ್ತೇನೆಂದು ಹೇಳಿ ಮೆಟ್ಟಿಲೇರಿ ಬಂದೆನು. ದೇವರ ಗೂಡಿನ ಕೆಳಗಣ ಪೆಟ್ಟಿಗೆಯಲ್ಲಿ ಕೆಂಚನ ಲಸಿಕೆಯ ಪುಸ್ತಕವಿತ್ತು. ಒಂದೊಂದು ಪುಟದಲ್ಲಿಯೂ ವೈದ್ಯರ ಸಹಿ, ಔಷಧಿಯ ಬುಡ್ಡಿಯಿಂದ ಕಿತ್ತು ಅಂಟಿಸಿದ ಚೀಟಿ, ಅದರ ಪಕ್ಕದಲ್ಲಿ ಮುಂದಿನ ವರ್ಷದ ತಾರೀಖು — ತಪ್ಪದೆ ಪ್ರತಿವರ್ಷವೂ, ನನ್ನ ಪತ್ನಿಯ ದುಂಡನೆಯ ಅಕ್ಷರದಲ್ಲಿ. ಕಡೆಯ ಸಾಲಿನಲ್ಲಿ '2023, ಮಾರ್ಚಿ' ಎಂದು ಆಕೆ ಬರೆದಿದ್ದಳು. ಅದರ ಮುಂದಣ ಚೌಕವು ಖಾಲಿಯಾಗಿತ್ತು. ಅದರ ಮುಂದಿನದೂ ಖಾಲಿ.

ಕೆಂಪು ಗೆರೆಯೆಳೆದ ಕಾಗದಗಳು ಮೇಜಿನ ಮೇಲೆಯೇ ಇದ್ದವು. ನಾಯಿಗಳ ಸಂತಾನನಿಯಂತ್ರಣದ ನಿಯಮಗಳು 2001ರಲ್ಲಿ ಮೊದಲು ಬಂದು 2023ರಲ್ಲಿ ಹೊಸದಾಗಿ ರಚಿತವಾದವು. ಸಾಕಿದ ಪ್ರಾಣಿಯ ಲಸಿಕೆಗೆ ಸಾಕಿದವನೇ ಹೊಣೆಯೆಂದು ಎರಡರಲ್ಲಿಯೂ ಇದೆ. ಆ ಸಾಲನ್ನು ನಾನು ಓದಿದ್ದೆನು, ಗೆರೆಯನ್ನೆಳೆದಿರಲಿಲ್ಲ. ಅದೇ ಜುಲೈ 1ರಿಂದ ಜಾರಿಗೆ ಬಂದಿದ್ದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣವನ್ನೂ ಓದಿದ್ದೆನು: ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಐದು ಸಾವಿರ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡೂ. ಅದಕ್ಕೂ ಗೆರೆಯಿರಲಿಲ್ಲ.

ಆ ಪುಸ್ತಕವನ್ನೆತ್ತಿಕೊಂಡು ಕೆಳಕ್ಕೆ ಹೋದೆನು. ಸುಳ್ಳು ಹೇಳಬಹುದಾಗಿತ್ತು, ಆಕೆಗೆ ಓದಲು ಕಣ್ಣು ಸಾಲದು. ಆದರೆ ಬಾಗಿಲಿನಲ್ಲಿ ಕಾಯುತ್ತಿದ್ದ ಆಕೆಯ ಮುಖವನ್ನು ನೋಡಿ, 'ತಪ್ಪಾಯಿತು ತಾಯೀ, ಎರಡು ವರ್ಷದಿಂದ ಹಾಕಿಸಿಲ್ಲ' ಎಂದೆನು.

ಆಕೆ ನನ್ನನ್ನು ಬೈಯಲಿಲ್ಲ. ಒಳಕ್ಕೆ ಕರೆದು ಕುಳ್ಳಿರಿಸಿ, ಸೊಸೆಯಿಂದ ಕಾಫಿ ತರಿಸಿ, ತಮ್ಮ ತಮ್ಮನ ಕಥೆಯನ್ನು ಹೇಳಿದರು. ಹುಡುಗನಿಗೆ ಏಳು ವರ್ಷ. ಕಚ್ಚಿದ್ದು ಬೀದಿಯ ನಾಯಿಯಲ್ಲ, ಅವರ ಓಣಿಯಲ್ಲಿಯೇ ಒಬ್ಬರು ಅಕ್ಕರೆಯಿಂದ ಸಾಕಿದ್ದ ನಾಯಿ. ಹಿಂಗಾಲಿನಲ್ಲಿ ಎರಡು ಹಲ್ಲಿನ ಗುರುತು, ಅಷ್ಟೆ. ಮನೆಯವರು ಗಾಯಕ್ಕೆ ಅರಿಶಿನ ಸುಣ್ಣವನ್ನು ಹಚ್ಚಿದರು, ಮಂತ್ರ ಹಾಕಿಸಿದರು. ಆಗ ಹೊಕ್ಕುಳ ಸುತ್ತಲೂ ಹದಿನಾಲ್ಕು ಇಂಜೆಕ್ಷನ್ನುಗಳನ್ನು ಚುಚ್ಚುತ್ತಿದ್ದ ಕಾಲ. ಎಳೆಯ ಮಗುವಿಗೆ ಆ ಹಿಂಸೆಯೇಕೆ, ಸಾಕಿದ ನಾಯಿಯಲ್ಲವೆ ಎಂದು ತಂದೆ ಸುಮ್ಮನಾದರು. ಎರಡು ತಿಂಗಳಾದ ಮೇಲೆ ಹುಡುಗನು ನೀರಿನ ಲೋಟವನ್ನು ಕಂಡು ಬೆಚ್ಚಿದನು. 'ಆಮೇಲೆ ಮೂರು ದಿನ' ಎಂದು ಆಕೆ ಹೇಳಿ ಅಲ್ಲಿಗೆ ನಿಲ್ಲಿಸಿದರು. ಅರವತ್ತು ವರ್ಷಗಳಾದರೂ ಆ ಮೂರು ದಿನಗಳನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲವೆಂದು ಸೊಸೆಯು ಆಮೇಲೆ ನನಗೆ ತಿಳಿಸಿದಳು. ಸೂಚನಾಫಲಕದ ಕಾಗದಕ್ಕೆ ಮೊದಲು ಬಾಯಿಟ್ಟವರು ತಾವೇ ಎಂಬುದನ್ನೂ ಆ ತಾಯಿ ಮುಚ್ಚಿಡಲಿಲ್ಲ.

ಆ ಸಂಜೆಯೇ ಕೆಂಚನನ್ನು ಆಟೋರಿಕ್ಷಾದಲ್ಲಿ ಕೂರಿಸಿಕೊಂಡು ಪಶುವೈದ್ಯರ ಬಳಿಗೆ ಹೋದೆನು. ಖರ್ಚಾದದ್ದು ಒಂದು ಹೋಟೆಲಿನ ಊಟದಷ್ಟು ಹಣ, ಅರ್ಧ ಗಂಟೆಯಷ್ಟು ಹೊತ್ತು. ವೈದ್ಯರು ಹೇಳಿದ ಕೆಲವು ಮಾತುಗಳನ್ನು ಗೃಹಸ್ಥರಾದ ವಾಚಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ. ಆಮೇಲೆ ವರ್ಷ ವರ್ಷವೂ ತಪ್ಪದೆ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ, ಬೆಕ್ಕು ಪರಚಿದರೂ, ಮೊದಲು ಮಾಡತಕ್ಕ ಕೆಲಸವೆಂದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಕಾಲು ಗಂಟೆಯ ಹೊತ್ತು ತೊಳೆಯುವುದು. ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದನ್ನೂ ಹಚ್ಚಕೂಡದು. ತೊಳೆದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳಿನ ಹಳೆಯ ಇಂಜೆಕ್ಷನ್ನನ್ನು ನಮ್ಮ ದೇಶದಲ್ಲಿ 2004ರ ಕಡೆಗೇ ನಿಲ್ಲಿಸಿಬಿಟ್ಟರು. ಈಗ ತೋಳಿಗೆ ಕೆಲವು ಚುಚ್ಚುಗಳಿಂದ ಮುಗಿಯುತ್ತದೆ. ಕಚ್ಚಿದ ಕೂಡಲೆ ಕ್ರಮವಾಗಿ ಹಾಕಿಸಿಕೊಂಡವನು ಉಳಿಯುತ್ತಾನೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿಯು ಇಂದಿಗೂ ಇಲ್ಲ.

ಪುಸ್ತಕದ ಖಾಲಿ ಚೌಕದಲ್ಲಿ ವೈದ್ಯರು ಸಹಿ ಹಾಕಿದರು. ಮುಂದಿನ ತಾರೀಖನ್ನು ನಾನೇ ಬರೆದೆನು. ದುಂಡನೆಯ ಅಕ್ಷರಗಳ ಕೆಳಗೆ ನನ್ನ ಕಛೇರಿಯ ಕಾಗೆಕಾಲು ಚೆನ್ನಾಗಿ ಕಾಣಿಸಲಿಲ್ಲ.

ಆಮೇಲೆ ನಮಗೂ ಆ ತಾಯಿಗೂ ಒಂದು ಒಪ್ಪಂದವಾಯಿತು. ಇದು ಯಾವ ಕಾಯಿದೆಯ ಪುಸ್ತಕದಲ್ಲಿಯೂ ಇಲ್ಲ. ಕೆಂಚನ ಹಿಂಗಾಲುಗಳ ಕೀಲುಗಳು ಹಿಡಿದುಕೊಂಡಿರುವುದರಿಂದ ಮೆಟ್ಟಿಲುಗಳು ಅವನಿಗೆ ಆಗವು. ಲಿಫ್ಟು ಬೇಕೇ ಬೇಕು. ನಾವು ಬೆಳಿಗ್ಗೆ ಆರು ಗಂಟೆಗೆ, ಸಂಜೆ ಐದು ಗಂಟೆಗೆ ಇಳಿಯುವುದು. ಆ ಹೊತ್ತಿನಲ್ಲಿ ಆಕೆ ಹೊರಕ್ಕೆ ಬಾರದಿರುವುದು. ಆದರೆ ಮುದುಕನೂ ಮುದಿನಾಯಿಯೂ ಗಡಿಯಾರದಂತೆ ನಡೆಯುವುದುಂಟೆ? ಮೂರನೆಯ ದಿನವೇ ಹೊತ್ತು ತಪ್ಪಿತು. ಬಾಗಿಲು ತೆರೆದೊಡನೆ ಆಕೆ ಗೋಡೆಗೆ ಒರಗಿ ಬೆವರಿದ್ದನ್ನು ಕಂಡು ನನಗೆ ಬಹಳ ಕೆಡುಕೆನಿಸಿತು. ಆ ರಾತ್ರಿ ತಾಯಿಯವರ ಹಳೆಯ ಟ್ರಂಕನ್ನು ತೆಗೆದು ಹುಡುಕಿದೆನು. ಕಪಿಲೆಯ ಕರುವಿನ ಕೊರಳಿನ ಹಿತ್ತಾಳೆಯ ಗಂಟೆಯು ಒಂದು ರೇಷ್ಮೆಯ ಚೂರಿನಲ್ಲಿ ಸುತ್ತಿಟ್ಟ ಹಾಗೆಯೇ ಇತ್ತು. ಹುಣಿಸೆಹಣ್ಣು ಹಾಕಿ ತಿಕ್ಕಿ ಕೆಂಚನ ಕೊರಳಪಟ್ಟಿಗೆ ಕಟ್ಟಿದೆನು. ನಮ್ಮದು ಕಬ್ಬಿಣದ ಜಾಲರಿಬಾಗಿಲಿನ ಹಳೆಯ ಲಿಫ್ಟಾದ್ದರಿಂದ, ನಾಲ್ಕನೆಯ ಅಂತಸ್ತಿನಲ್ಲಿ ಗಂಟೆ ಅಲುಗಿದರೆ ಕೆಳಗಿನವರೆಗೂ ಕೇಳಿಸುತ್ತದೆ. ಮೊದಲ ಕೆಲವು ದಿನ ಕೆಂಚನು ತನ್ನ ಕೊರಳಿನ ಸದ್ದಿಗೆ ತಾನೇ ತಿರುಗಿ ತಿರುಗಿ ನೋಡುತ್ತಿದ್ದನು, ಆಮೇಲೆ ಅಭ್ಯಾಸವಾಯಿತು. ಆ ತಾಯಿಯು ಗಂಟೆ ಕೇಳಿಸಿದರೆ ಒಳಗೆ ನಿಲ್ಲುವುದು, ಸದ್ದು ಕೆಳಕ್ಕೆ ಹೋದಮೇಲೆ ಬಾಗಿಲು ತೆರೆಯುವುದು ಎಂದು ರೂಢಿಯಾಯಿತು. ಕೆಲವು ತಿಂಗಳಾದ ಮೇಲೆ ಬಾಗಿಲನ್ನು ಅರ್ಧ ತೆರೆದು ನಿಂತು ನಾವು ಹೋಗುವುದನ್ನು ಜಾಲರಿಯಿಂದ ನೋಡತೊಡಗಿದರು. ಮುಟ್ಟಿದ್ದು ಇಂದಿಗೂ ಇಲ್ಲ.

2025ರ ಆಗಸ್ಟ್ 11ರಂದು ದೆಹಲಿಯ ಸುತ್ತಣ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಾದಾಗ, ದೇಶದಲ್ಲೆಲ್ಲ ಒಂದೇ ಮಾತಾಯಿತು. ಆ ಸಂಜೆ ಜಾಲರಿಯಾಚೆಯಿಂದ ಆಕೆ ಕೇಳಿದರು: 'ರಾಯರೇ, ನಾಯಿಗಳನ್ನೆಲ್ಲ ಒಯ್ಯುತ್ತಾರಂತೆ. ಇದನ್ನೂ ಒಯ್ಯುತ್ತಾರೆಯೇ?' ಸಾಕಿದ ನಾಯಿಗಳಿಗೆ ಅದು ಅನ್ವಯಿಸದೆಂದು ನಾನು ಹೇಳಿದೆನು. ಅದೇ ತಿಂಗಳು 22ರಂದು ನ್ಯಾಯಾಲಯವು ಆ ಆಜ್ಞೆಯನ್ನು ತಿದ್ದಿತು: ಹುಚ್ಚು ಹಿಡಿದವನ್ನೂ ಮೇಲೆರಗುವವನ್ನೂ ಬಿಟ್ಟು ಉಳಿದವಕ್ಕೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡಬೇಕು, ಅನ್ನ ಹಾಕುವವರು ಅದಕ್ಕೆಂದು ಗೊತ್ತುಮಾಡಿದ ಸ್ಥಳದಲ್ಲಿಯೇ ಹಾಕಬೇಕು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯಬೇಕೆಂದು ಇನ್ನೊಂದು ಆಜ್ಞೆಯಾಯಿತು. ಇವುಗಳ ಸರಿ ತಪ್ಪುಗಳನ್ನು ಕುರಿತು ನಮ್ಮ ಕಟ್ಟಡದಲ್ಲಿ ನಡೆದಷ್ಟು ವಾದವಿವಾದ ನ್ಯಾಯಾಲಯದಲ್ಲಿಯೂ ನಡೆದಿರಲಾರದು. ಮಕ್ಕಳಿರುವ ಮನೆಯವರ ಭಯವನ್ನು ಹುಚ್ಚು ಭಯವೆಂದು ನಾನು ಹಿಂದೆ ಅನ್ನುತ್ತಿದ್ದೆನು; ಈಗ ಅನ್ನುವುದಿಲ್ಲ. ನಮ್ಮ ಬೀದಿಯ ನಾಯಿಗಳಿಗೆ ಗೇಟಿನ ಬಳಿ ಅನ್ನ ಹಾಕುತ್ತಿದ್ದವರನ್ನು ಒಪ್ಪಿಸಿ, ಮಕ್ಕಳು ಓಡಾಡದ ಹಿಂದಿನ ಗೋಡೆಯ ಮೂಲೆಯನ್ನು ಗೊತ್ತುಮಾಡಿದವರಲ್ಲಿ ನಾನೂ ಒಬ್ಬ. 2023ರ ನಿಯಮದಲ್ಲಿಯೂ ಹೀಗೆಯೇ ಇದೆಯೆಂದು ತೋರಿಸಿದೆನು, ಈ ಸಲ ಗೆರೆಯೆಳೆದು.

ಕೆಂಚನಿಗೆ ಈಗ ಬಹಳ ವಯಸ್ಸಾಯಿತು. ಕಳೆದ ಮಾಗಿಯ ಚಳಿಯಲ್ಲಿ ಎರಡು ದಿನ ಏಳಲೇ ಇಲ್ಲ. ಹಳೆಯ ಶಾಲನ್ನು ಹೊದಿಸಿ, ಗಂಜಿಯನ್ನು ಚಮಚೆಯಿಂದ ಕುಡಿಸಿ ಪಕ್ಕದಲ್ಲಿಯೇ ಕುಳಿತಿದ್ದೆನು. ಎರಡನೆಯ ಬೆಳಿಗ್ಗೆ ಆರೂಕಾಲು ಗಂಟೆಯ ಸುಮಾರಿಗೆ ಫೋನು ಬಂದಿತು.

'ರಾಯರೇ, ನಿನ್ನೆಯಿಂದ ಗಂಟೆ ಕೇಳಿಸಲಿಲ್ಲವಲ್ಲ?'

ನಾನು ಏನು ಹೇಳಬೇಕೆಂದು ತೋಚದೆ ಫೋನನ್ನು ಕೆಂಚನ ಹತ್ತಿರಕ್ಕೆ ಹಿಡಿದು, ಅವನ ಹೆಸರನ್ನು ಕರೆದೆನು. ಮಲಗಿದ್ದಲ್ಲಿಂದಲೇ ಅವನು ತಲೆಯನ್ನು ಸ್ವಲ್ಪ ಎತ್ತಿದನು. ಗಂಟೆಯು ಒಮ್ಮೆ ಅಲುಗಿತು.

'ಕೇಳಿಸಿತು' ಎಂದು ಹೇಳಿ ಆಕೆ ಫೋನನ್ನಿಟ್ಟರು.